ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಸ್ಕ್ರೀನ್ ನೋಡೋದು ಹೇಗೆ: ಪ್ಯಾನೆಲ್, ಬೆಳಕು, ಬಣ್ಣ, ಮೇಲಿನ ಕೋಟಿಂಗ್

ಹೋದ ವರ್ಷ ನಮ್ಮ ಅಕ್ಕನ ಮಗ ಡಿಗ್ರಿ ಮುಗಿಸ್ಕೊಂಡು ನನ್ನ ಜೊತೆ ಮದುವೆ ಆಲ್ಬಮ್ ಡಿಸೈನ್ ಕೆಲ್ಸಕ್ಕೆ ಸೇರ್ಕೊಂಡ, ಬರುವಾಗ ಹೊಸ ಲ್ಯಾಪ್‌ಟಾಪ್ ತಗೊಂಡೇ ಬಂದಿದ್ದ. ಒಳ್ಳೆ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಫುಲ್ ಎಚ್‌ಡಿ ಸ್ಕ್ರೀನ್, ಬಾಕ್ಸ್ ಮೇಲೆ ಬರೆದಿದ್ದು ನೋಡಿದ್ರೆ ಒಂದಕ್ಕೂ ಹೆಸರಿಡೋ ಹಾಗಿಲ್ಲ. ಮೊದಲನೇ ಆಲ್ಬಮ್‌ಗೆ ಕೂತ. ಹುಡುಗಿದು ಮುಹೂರ್ತದ ಸೀರೆ ಅಚ್ಚ ಕುಂಕುಮದ ಕೆಂಪು, ಅವನ ಸ್ಕ್ರೀನಲ್ಲಿ ಇಟ್ಟಿಗೆ ಬಣ್ಣ ಕಾಣ್ತಿತ್ತು. "ಮಾವ, ಫೋಟೋ ತೆಗೆದವರು ವೈಟ್ ಬ್ಯಾಲೆನ್ಸ್ ಸರಿಯಾಗಿ ಇಟ್ಟಿಲ್ಲ ಅನ್ಸತ್ತೆ" ಅಂದ, ನಾನೂ ಬೇರೆ ಕೆಲ್ಸದಲ್ಲಿದ್ದೆ, ಹೂಂ ಸರಿ ಮಾಡು ಅಂದ್ಬಿಟ್ಟೆ. ಅವನು ಕೆಂಪು ಏರಿಸ್ದ, ಸ್ಯಾಚುರೇಶನ್ ಏರಿಸ್ದ, ಅವನ ಸ್ಕ್ರೀನಲ್ಲಿ ಚೆನ್ನಾಗಿ ಕಂಡ ಮೇಲೆ ಪ್ರಿಂಟ್‌ಗೆ ಕಳಿಸ್ದ. ಆಲ್ಬಮ್ ಬಂದಾಗ ಸೀರೆಲಿ ಒಂದು ನೆರಿಗೆನೂ ಕಾಣ್ತಿಲ್ಲ, ಕೆಂಪು ಪೇಂಟ್ ಬಳಿದ ಹಾಗಿದೆ, ಹುಡುಗಿ ಕೆನ್ನೆ ಬಿಸಿಲಿಗೆ ಬೆಂದ ಹಾಗಿದೆ. ಅಷ್ಟೂ ಪೇಜ್ ಮತ್ತೆ ಪ್ರಿಂಟ್ ಹಾಕ್ಸಿದ್ವಿ.

ಫೋಟೋದಲ್ಲಿ ಏನೂ ತಪ್ಪಿರಲಿಲ್ಲ. ಆ ಸ್ಕ್ರೀನ್‌ಗೆ ಆ ಕೆಂಪು ತೋರ್ಸೋ ಶಕ್ತಿನೇ ಇರಲಿಲ್ಲ.

ಲ್ಯಾಪ್‌ಟಾಪ್ ತಗೊಳ್ಳುವಾಗ ನಾವೆಲ್ಲ ಪ್ರೊಸೆಸರ್ ಯಾವುದು, ಎಷ್ಟನೇ ಜನರೇಶನ್ ಅಂತ ನಾಲ್ಕು ದಿನ ವಿಚಾರಿಸ್ತೀವಿ, ಸ್ಕ್ರೀನ್ ವಿಷಯಕ್ಕೆ ಬಂದ್ರೆ "ಎಷ್ಟು ಇಂಚು? ಫುಲ್ ಎಚ್‌ಡಿ ತಾನೆ?" ಅಷ್ಟಕ್ಕೇ ಮುಗಿಸ್ತೀವಿ. ದಿನಕ್ಕೆ ಎಂಟು ಗಂಟೆ ಕಣ್ಣು ನೆಟ್ಟು ಕೂರೋದು ಆ ಸ್ಕ್ರೀನ್ ಮುಂದೆ. ಇಂಚು ಮತ್ತೆ ರೆಸೊಲ್ಯೂಶನ್ ಬಿಟ್ಟು ಇನ್ನೂ ನಾಲ್ಕು ವಿಷಯ ಇದೆ: ಪ್ಯಾನೆಲ್ (ಸ್ಕ್ರೀನ್ ಒಳಗೆ ಚಿತ್ರ ಮೂಡಿಸೋ ಭಾಗ) ಯಾವ ಜಾತಿದು, ಎಷ್ಟು ಬೆಳಕು ಕೊಡತ್ತೆ, ಎಷ್ಟು ಬಣ್ಣ ತೋರ್ಸತ್ತೆ, ಮತ್ತೆ ಮೇಲ್ಮೈ ಹೇಗಿದೆ. ನಾಲ್ಕನೇದನ್ನ ಅಂಗಡಿಯವರೂ ಹೇಳಲ್ಲ ನಾವೂ ಕೇಳಲ್ಲ, ಅದಕ್ಕೇ ಅದರ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿನೇ ಬರೀತೀನಿ.

ಹೆಜ್ಜೆ 1: ಮೊದಲು ಎಲ್ಲಿ ಕೂರ್ತೀರ ಅಂತ ಲೆಕ್ಕ ಹಾಕಿ

ಸ್ಕ್ರೀನ್ ಬೆಳಕನ್ನ ನಿಟ್ಸ್ ಅನ್ನೋ ಅಳತೆಲಿ ಹೇಳ್ತಾರೆ. ಬಜೆಟ್ ಲ್ಯಾಪ್‌ಟಾಪಲ್ಲಿ 220 ಇಲ್ಲಾ 250, ಸ್ವಲ್ಪ ಮೇಲಿನದ್ರಲ್ಲಿ 300, ಒಳ್ಳೆದ್ರಲ್ಲಿ 400, 500. ಈ ನಂಬರ್ ಬರೀ ನೋಡಿದ್ರೆ ಏನೂ ಅರ್ಥ ಆಗಲ್ಲ, ಅದಕ್ಕೆ ಒಂದು ಬಿಳಿ ಹಾಳೆ ಜೊತೆ ಹೋಲಿಸಿ ನೋಡಿ. ಟ್ಯೂಬ್‌ಲೈಟ್ ಚೆನ್ನಾಗಿರೋ ಆಫೀಸ್ ರೂಮಲ್ಲಿ ಮೇಜಿನ ಮೇಲೆ ಸುಮಾರು 500 ಲಕ್ಸ್ (ಒಂದು ಜಾಗದ ಮೇಲೆ ಬೀಳೋ ಬೆಳಕಿನ ಅಳತೆ) ಬೆಳಕು ಬೀಳತ್ತೆ, ಅಲ್ಲಿಟ್ಟ ಬಿಳಿ ಹಾಳೆ ನಮ್ಮ ಕಣ್ಣಿಗೆ ಸುಮಾರು 130 ನಿಟ್ಸ್‌ನಷ್ಟು ಬೆಳ್ಳಗೆ ಕಾಣತ್ತೆ. ಅಂದ್ರೆ ಅಲ್ಲಿ 250 ನಿಟ್ಸ್ ಸ್ಕ್ರೀನ್ ಧಾರಾಳ ಸಾಕು. ಅದೇ ಹಾಳೆ ಹಗಲು ಹೊತ್ತು ಕಿಟಕಿ ಪಕ್ಕ 3000 ಲಕ್ಸ್ ಬೆಳಕಲ್ಲಿ ಇಟ್ರೆ 750 ನಿಟ್ಸ್ ದಾಟತ್ತೆ, ಆಗ 250 ನಿಟ್ಸ್ ಸ್ಕ್ರೀನ್ ಅದರ ಪಕ್ಕ ಕತ್ತಲೆ ಕಾಣತ್ತೆ, ಕಣ್ಣು ಕಿರಿದು ಮಾಡ್ಕೊಂಡು ನೋಡೋ ಹಾಗಾಗತ್ತೆ, ಸಂಜೆಗೆ ತಲೆನೋವು.

ಹಾಗಾಗಿ ಬರೀ ರೂಮಲ್ಲಿ ಕೂತು ಕೆಲ್ಸ ಮಾಡೋರಿಗೆ 250 ನಡೆಯತ್ತೆ, ಕಿಟಕಿ ಹತ್ರ, ಜಗಲಿ ಮೇಲೆ, ಬಾಲ್ಕನಿಲಿ ಕೂರೋರು 400ಕ್ಕಿಂತ ಕಮ್ಮಿ ತಗೊಳ್ಳಬೇಡಿ. ನೇರ ಬಿಸಿಲಲ್ಲಿ ಒಂದು ಲಕ್ಷ ಲಕ್ಸ್ ಹತ್ರ ಇರತ್ತೆ, ಅಲ್ಲಿ ಯಾವ ಲ್ಯಾಪ್‌ಟಾಪೂ ಆರಾಮಾಗಿ ಕಾಣಲ್ಲ, ಆ ಆಸೆ ಬಿಡೋದೇ ಒಳ್ಳೆದು.

ಏನು ಕೆಲ್ಸ ಅನ್ನೋದೂ ಮುಖ್ಯ. ಟೈಪಿಂಗ್, ಕೋಡಿಂಗ್, ಟ್ಯಾಲಿ, ಆನ್‌ಲೈನ್ ಕ್ಲಾಸ್ ಇದ್ದವರಿಗೆ ಬಣ್ಣ ಹೆಚ್ಚುಕಮ್ಮಿ ಆದ್ರೂ ತೊಂದ್ರೆ ಇಲ್ಲ, ಅಕ್ಷರ ಚೂಪಾಗಿ ಕಂಡ್ರೆ ಆಯ್ತು, ಪ್ರತಿಬಿಂಬ ಕಾಡದಿದ್ರೆ ಆಯ್ತು. ಫೋಟೋ, ವಿಡಿಯೋ, ಪೋಸ್ಟರ್ ಡಿಸೈನ್, ಬಟ್ಟೆ ಅಂಗಡಿಯವರು ಆನ್‌ಲೈನಲ್ಲಿ ಸೀರೆ ಹಾಕೋದು, ಇವರಿಗೆಲ್ಲ ಬಣ್ಣನೇ ಮೊದಲು.

ಹೆಜ್ಜೆ 2: ಸ್ಪೆಕ್ ಶೀಟಲ್ಲಿ ಆ ಒಂದು ಸಾಲನ್ನ ಪೂರ್ತಿ ಓದಿ

ಕಂಪನಿ ವೆಬ್‌ಸೈಟಲ್ಲಿ ಡಿಸ್‌ಪ್ಲೇ ಅನ್ನೋ ಕಡೆ "15.6 ಇಂಚು, ಎಫ್‌ಎಚ್‌ಡಿ, ಐಪಿಎಸ್, 250 ನಿಟ್ಸ್, ಆ್ಯಂಟಿ ಗ್ಲೇರ್, 45% ಎನ್‌ಟಿಎಸ್‌ಸಿ" ಅನ್ನೋ ಥರ ಒಂದು ಸಾಲು ಇರತ್ತೆ. ಶಾಪಿಂಗ್ ಸೈಟಲ್ಲಿ ಇದನ್ನ ಕತ್ತರಿಸಿ ಬರೀ "ಫುಲ್ ಎಚ್‌ಡಿ" ಅಂತ ಹಾಕಿರ್ತಾರೆ, ಅಲ್ಲಿ ನೋಡಬೇಡಿ, ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪನಿ ಸೈಟಲ್ಲೇ ಹುಡುಕಿ. ಲೆನೊವೊದವರದ್ದು ಪಿಎಸ್‌ರೆಫ್ ಅಂತ ಒಂದು ಸೈಟ್ ಇದೆ, ಒಂದೊಂದು ಮಾಡೆಲಿಗೂ ಯಾವ್ಯಾವ ಸ್ಕ್ರೀನ್ ಬರತ್ತೆ, ಅದರ ಬ್ರೈಟ್‌ನೆಸ್, ಮೇಲ್ಮೈ, ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗತ್ತೆ ಅನ್ನೋದು), ಕಲರ್ ಎಲ್ಲ ಟೇಬಲ್ ಹಾಕಿ ಕೊಟ್ಟಿರ್ತಾರೆ. ಎಚ್‌ಪಿಯವರು ಕ್ವಿಕ್‌ಸ್ಪೆಕ್ಸ್ ಅನ್ನೋ ಪಿಡಿಎಫ್ ಕೊಡ್ತಾರೆ.

ಪ್ಯಾನೆಲ್ ಜಾತಿ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಟಿಎನ್ ಅನ್ನೋದು ಹಳೇದು, ಅಗ್ಗದ್ದು, ಸ್ವಲ್ಪ ಕೆಳಗಿಂದ ನೋಡಿದ್ರೆ ಮುಖ ಎಲ್ಲ ಕಪ್ಪಾಗಿ ನೆಗೆಟಿವ್ ಥರ ಕಾಣತ್ತೆ, ಈಗ್ಲೂ ತೀರಾ ಕಮ್ಮಿ ಬೆಲೆ ಮಾಡೆಲಲ್ಲಿ ಹಾಕ್ತಾರೆ, ಬೇಡ. ಐಪಿಎಸ್ ಹಿಟಾಚಿ ಕಂಪನಿಯವರು 1996ರಲ್ಲಿ ಶುರು ಮಾಡಿದ್ದು, ಯಾವ ಕಡೆಯಿಂದ ನೋಡಿದ್ರೂ ಬಣ್ಣ ಹೆಚ್ಚುಕಮ್ಮಿ ಹಾಗೇ ಇರತ್ತೆ. ಡಬ್ಲ್ಯುವಿಎ, ಐಪಿಎಸ್ ಲೆವೆಲ್, ಎಎಚ್‌ವಿಎ ಅಂತೆಲ್ಲ ಬರೆದಿದ್ರೂ ಸಾಮಾನ್ಯವಾಗಿ ಅದೇ ಥರದ್ದು ಅಂತ ಇಟ್ಕೊಳ್ಳಿ, ಆದ್ರೆ ಐಪಿಎಸ್ ಅಂದ ಮಾತ್ರಕ್ಕೆ ಬಣ್ಣ ಚೆನ್ನಾಗಿದೆ ಅಂತಲ್ಲ, ನಮ್ಮ ಹುಡುಗ ಮೋಸ ಹೋಗಿದ್ದು ಇಲ್ಲೇ, ಅವನದ್ದೂ ಐಪಿಎಸ್ಸೇ. ಓಎಲ್‌ಇಡಿಲಿ ಒಂದೊಂದು ಚುಕ್ಕೆನೂ ತಾನೇ ಉರಿಯತ್ತೆ, ಕಪ್ಪು ಅಂದ್ರೆ ಪೂರ್ತಿ ಆಫ್, ಬಣ್ಣ ತುಂಬಾ ಚೆಂದ. ಅದರ ತೊಂದ್ರೆ ಮುಂದೆ ಹೇಳ್ತೀನಿ.

ಈಗ ಬಣ್ಣದ ನಂಬರ್. ಫೋಟೋ, ವೆಬ್‌ಸೈಟ್, ವಾಟ್ಸಾಪ್ ಚಿತ್ರ ಇವೆಲ್ಲ ಬಹುಪಾಲು ಎಸ್‌ಆರ್‌ಜಿಬಿ ಅನ್ನೋ ಬಣ್ಣದ ವ್ಯಾಪ್ತಿ ಇಟ್ಕೊಂಡು ಮಾಡಿರ್ತಾರೆ. ಎನ್‌ಟಿಎಸ್‌ಸಿ ಅನ್ನೋದು ಹಳೇ ಟಿವಿ ಕಾಲದ ಇನ್ನೊಂದು ದೊಡ್ಡ ವ್ಯಾಪ್ತಿ, ಸ್ಕ್ರೀನ್ ಅದರಲ್ಲಿ ಎಷ್ಟು ಭಾಗ ತೋರ್ಸತ್ತೆ ಅಂತ ಪರ್ಸೆಂಟಲ್ಲಿ ಹೇಳ್ತಾರೆ. 72% ಎನ್‌ಟಿಎಸ್‌ಸಿ ಅಂದ್ರೆ ಎಸ್‌ಆರ್‌ಜಿಬಿ ಹೆಚ್ಚುಕಮ್ಮಿ ಪೂರ್ತಿ ಸಿಕ್ಕಿದ ಹಾಗೆ, 45% ಎನ್‌ಟಿಎಸ್‌ಸಿ ಅಂದ್ರೆ ಅದರ ಮೂರನೇ ಎರಡು ಭಾಗದ ಹತ್ರ ಅಷ್ಟೇ. ಉಳಿದ ಒಂದು ಭಾಗ ಎಲ್ಲಿ ಹೋಯ್ತು ಅಂದ್ರೆ ಗಾಢ ಬಣ್ಣಗಳಲ್ಲೇ ಹೋಗಿರತ್ತೆ: ಕುಂಕುಮದ ಕೆಂಪು ಇಟ್ಟಿಗೆ ಕಡೆ ಜಾರತ್ತೆ, ಬಾಳೆ ಎಲೆ ಹಸಿರು ಒಣಗಿದ ಹಾಗಾಗತ್ತೆ, ನವಿಲು ನೀಲಿ ಮಂಕಾಗತ್ತೆ. ಮುಖದ ಬಣ್ಣ, ಗೋಡೆ, ಮರ ಇವೆಲ್ಲ ಹೆಚ್ಚು ಗಾಢ ಇಲ್ಲದಿರೋದ್ರಿಂದ ಅಷ್ಟು ಗೊತ್ತಾಗಲ್ಲ, ಅದಕ್ಕೇ ಅಂಗಡಿಲಿ ವಿಂಡೋಸ್ ವಾಲ್‌ಪೇಪರ್ ನೋಡ್ಕೊಂಡು ಬಂದ್ರೆ ಮೋಸ ಹೋಗ್ತೀವಿ. ಬಣ್ಣದ ಕೆಲ್ಸ ಇರೋರು "72% ಎನ್‌ಟಿಎಸ್‌ಸಿ" ಅಥವಾ "100% ಎಸ್‌ಆರ್‌ಜಿಬಿ" ಅನ್ನೋ ಅಕ್ಷರ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಬಣ್ಣದ ನಂಬರೇ ಬರೆದಿಲ್ಲ ಅಂದ್ರೆ ನಾನಂತೂ 45 ಅಂತಲೇ ಲೆಕ್ಕ ಹಾಕ್ತೀನಿ, ಚೆನ್ನಾಗಿದ್ದಿದ್ರೆ ದೊಡ್ಡ ಅಕ್ಷರದಲ್ಲಿ ಹಾಕ್ತಿದ್ರು.

ಇನ್ನೊಂದು ಮಾತು, ಕ್ಯಾಲಿಬ್ರೇಶನ್ (ಮೀಟರ್ ಇಟ್ಟು ಸ್ಕ್ರೀನ್ ಬಣ್ಣ ತಿದ್ದೋದು) ಮಾಡ್ಸಿದ್ರೆ ಸರಿ ಹೋಗತ್ತಾ ಅಂತ ತುಂಬಾ ಜನ ಕೇಳ್ತಾರೆ. ಇರೋ ಬಣ್ಣವನ್ನ ಸರಿಯಾದ ಜಾಗದಲ್ಲಿ ಕೂರಿಸಬಹುದು ಅಷ್ಟೇ, ಇಲ್ಲದೇ ಇರೋ ಬಣ್ಣವನ್ನ ತರೋಕಾಗಲ್ಲ.

ರೆಸೊಲ್ಯೂಶನ್ ಬಗ್ಗೆ ಕನ್ನಡದವರಿಗೆ ಅಂತಲೇ ಒಂದು ಮಾತು. 15.6 ಇಂಚಿನ ಹಳೇ ಎಚ್‌ಡಿ ಸ್ಕ್ರೀನಲ್ಲಿ ಇಂಚಿಗೆ 100 ಚುಕ್ಕೆ, ಫುಲ್ ಎಚ್‌ಡಿಲಿ 141. ಇಂಗ್ಲಿಷ್ ಅಕ್ಷರ 100ರಲ್ಲೂ ಹೇಗೋ ಓದಬಹುದು, ನಮ್ಮ ಒತ್ತಕ್ಷರ ಹಾಗಲ್ಲ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ ಇವುಗಳಲ್ಲಿ ಕೆಳಗಿನ ಒತ್ತು ಮುದ್ದೆಯಾಗಿ ಹೋಗತ್ತೆ. ಕನ್ನಡದಲ್ಲಿ ಟೈಪ್ ಮಾಡೋರು, ಪ್ರೂಫ್ ನೋಡೋರು ಎಚ್‌ಡಿ ಸ್ಕ್ರೀನ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ತಗೊಳ್ಳಬೇಡಿ.

ಹೆಜ್ಜೆ 3: ಮೇಲಿನ ಕೋಟಿಂಗ್ ಅರ್ಥ ಮಾಡ್ಕೊಳ್ಳಿ

ಇಲ್ಲಿ ದೊಡ್ಡ ಗೊಂದಲ ಶುರುವಾಗೋದು ಒಂದು ಪದದಿಂದ, ಆ್ಯಂಟಿ ಗ್ಲೇರ್. ಕನ್ನಡಕದ ಅಂಗಡಿಗೆ ಹೋದ್ರೆ "ಆ್ಯಂಟಿ ಗ್ಲೇರ್ ಹಾಕ್ಲಾ ಸಾರ್?" ಅಂತಾರಲ್ಲ, ಓರೆ ಮಾಡಿದ್ರೆ ಹಸಿರೋ ನೀಲಿನೋ ಹೊಳೆಯೋ ಗಾಜು, ಅದು ಬೇರೆ. ಲ್ಯಾಪ್‌ಟಾಪ್ ಬಾಕ್ಸ್ ಮೇಲೆ ಆ್ಯಂಟಿ ಗ್ಲೇರ್ ಅಂತ ಬರೆದಿದ್ರೆ ಅದು ಮ್ಯಾಟ್ ಫಿನಿಶ್, ಉಪ್ಪುಕಾಗದ ತೀರಾ ನಯವಾಗಿ ಉಜ್ಜಿದ ಗಾಜಿನ ಥರ. ಕನ್ನಡಕದಲ್ಲಿ ಹಾಕೋದಕ್ಕೆ ಸ್ಕ್ರೀನ್ ಲೋಕದಲ್ಲಿ ಆ್ಯಂಟಿ ರಿಫ್ಲೆಕ್ಟಿವ್ ಅಂತಾರೆ. ಎರಡೂ ಕೆಲ್ಸ ಮಾಡೋ ರೀತಿನೇ ಬೇರೆ.

ಮ್ಯಾಟ್ ಸ್ಕ್ರೀನಲ್ಲಿ ನಿಮ್ಮ ಬೆರಳಿಗೆ ಸಿಗೋದು ಗಾಜಲ್ಲ, ಪೋಲರೈಸರ್ ಅನ್ನೋ ಪ್ಲಾಸ್ಟಿಕ್ ಹಾಳೆ. ಅದರ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು ಮಾಡಿರ್ತಾರೆ. ಹಿಂದಿರೋ ಕಿಟಕಿಯ ಬೆಳಕು ಬಂದು ಬಿದ್ರೆ ಒಂದೇ ಕಡೆ ವಾಪಸ್ ಹೋಗದೆ ಎಲ್ಲಾ ಕಡೆ ಚದುರಿ ಹೋಗತ್ತೆ, ಕಿಟಕಿಯ ಚೌಕಟ್ಟು ಕಾಣಲ್ಲ, ಬದಲಿಗೆ ಒಂದು ತೆಳು ಬಿಳಿ ಮಬ್ಬು ಕಾಣತ್ತೆ. ಗಮನಿಸಿ, ಬೆಳಕು ಮಾಯ ಆಗಲ್ಲ, ಹರಡತ್ತೆ ಅಷ್ಟೇ. ಮಳೆಗಾಲದ ಮೋಡದ ದಿನ ಹೊರಗೆ ಹತ್ತು ಸಾವಿರ ಲಕ್ಸ್ ಇದೆ ಅಂತಿಟ್ಕೊಳ್ಳಿ, ಅದರಲ್ಲಿ ಬರೀ ಒಂದು ಪರ್ಸೆಂಟ್ ಹರಡಿ ನಿಮ್ಮ ಕಣ್ಣಿಗೆ ಬಂದ್ರೂ ಸ್ಕ್ರೀನ್ ಮೇಲೆಲ್ಲ 32 ನಿಟ್ಸ್ ಮಬ್ಬು ಕೂರತ್ತೆ. 250 ನಿಟ್ಸ್ ಸ್ಕ್ರೀನಲ್ಲಿ ಕತ್ತಲೆ ರೂಮಲ್ಲಿ 1000ಕ್ಕೆ 1 ಇದ್ದ ಕಾಂಟ್ರಾಸ್ಟ್ ಅಲ್ಲಿ 9ಕ್ಕೆ 1 ಆಗೋಗತ್ತೆ. ಕಪ್ಪು ಅಕ್ಷರ ಬೂದಿ ಬಣ್ಣಕ್ಕೆ ತಿರುಗೋದು ಇದಕ್ಕೇ. ಅಂದ್ರೆ ಮ್ಯಾಟ್ ಇದ್ರೆ ಸಾಕು ಹೊರಗಡೆ ಕೂರಬಹುದು ಅನ್ನೋದು ಅರ್ಧ ಸತ್ಯ, ಮ್ಯಾಟ್ ಜೊತೆ ನಿಟ್ಸೂ ಬೇಕು.

ಗ್ಲಾಸಿ ಅಂದ್ರೆ ನುಣುಪು. ರೂಮಿನ ಬೆಳಕು ಹಿಡಿತದಲ್ಲಿದ್ರೆ ಇದರಷ್ಟು ಚೆಂದ ಯಾವುದೂ ಇಲ್ಲ, ಬಣ್ಣ ನೀರಲ್ಲಿ ಅದ್ದಿ ತೆಗೆದ ಹಾಗೆ ಕಾಣತ್ತೆ, ಅಕ್ಷರ ಚೂಪು. ಆದ್ರೆ ಸಾದಾ ಗಾಜು ಮೇಲೆ ಬಿದ್ದ ಬೆಳಕಲ್ಲಿ 4% ಕನ್ನಡಿ ಥರ ವಾಪಸ್ ಕಳಿಸತ್ತೆ. ನಾಲ್ಕೇ ತಾನೆ ಅನ್ಸಬಹುದು, ಹಿಂದಿನ ಕಿಟಕಿಲಿ ಕಾಣೋ ಆಕಾಶ 3000 ನಿಟ್ಸ್ ಇದ್ರೆ ಅದರ 4% ಅಂದ್ರೆ 120 ನಿಟ್ಸ್, ನಿಮ್ಮ ಸ್ಕ್ರೀನ್ ಬಿಳುಪಿನ ಅರ್ಧದಷ್ಟು ಬೆಳಕಿನ ಒಂದು ಕಿಟಕಿ ನಿಮ್ಮ ಎಕ್ಸೆಲ್ ಶೀಟ್ ಮೇಲೆ ಕೂತಿರತ್ತೆ. ಕಣ್ಣು ಒಮ್ಮೆ ಅಕ್ಷರದ ಮೇಲೆ ಒಮ್ಮೆ ಆ ಪ್ರತಿಬಿಂಬದ ಮೇಲೆ ಫೋಕಸ್ ಮಾಡ್ತಾ ಮಾಡ್ತಾ ಸುಸ್ತಾಗತ್ತೆ. ಟಚ್ ಸ್ಕ್ರೀನ್ ಲ್ಯಾಪ್‌ಟಾಪ್, ಓಎಲ್‌ಇಡಿ ಲ್ಯಾಪ್‌ಟಾಪ್ ಬಹುತೇಕ ಗ್ಲಾಸಿನೇ ಇರತ್ತೆ.

ಮೂರನೇದು ಆ್ಯಂಟಿ ರಿಫ್ಲೆಕ್ಟಿವ್, ನನ್ನ ಕಣ್ಣಿಗೆ ಎಲ್ಲಕ್ಕಿಂತ ಬುದ್ಧಿವಂತ ಉಪಾಯ. ನುಣುಪು ಗಾಜಿನ ಮೇಲೆ ತೀರಾ ತೆಳುವಾದ ಪದರ ಕೂರಿಸ್ತಾರೆ, ಮೆಗ್ನೀಸಿಯಂ ಫ್ಲೋರೈಡ್ ಹಾಕಿದ್ರೆ ಸುಮಾರು 100 ನ್ಯಾನೊಮೀಟರ್ ದಪ್ಪ. ಈ ಅಳತೆ ಯಾಕೆ ಅಂದ್ರೆ ಪದರದ ಮೇಲಿಂದ ವಾಪಸ್ ಬರೋ ಬೆಳಕಿನ ಅಲೆ ಮತ್ತೆ ಅದರ ಕೆಳಗಿನ ಗಾಜಿಂದ ವಾಪಸ್ ಬರೋ ಅಲೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು ಕೂತು ಎರಡೂ ಒಂದನ್ನೊಂದು ಅಳಿಸಿ ಹಾಕತ್ತೆ. ನಮ್ಮ ಕಣ್ಣಿಗೆ ಜಾಸ್ತಿ ಚುರುಕು ಇರೋ ಹಸಿರು ಬೆಳಕಿಗೆ ಲೆಕ್ಕ ಹಾಕಿ ಪದರ ಮಾಡಿರೋದ್ರಿಂದ ನೀಲಿ ಕೆಂಪು ತುದಿಗಳು ಸ್ವಲ್ಪ ಉಳ್ಕೊಳ್ಳತ್ತೆ, ಅದಕ್ಕೇ ಓರೆ ಮಾಡಿ ನೋಡಿದ್ರೆ ನೇರಳೆ ಛಾಯೆ. ಒಂದೇ ಪದರದ ಬದಲು ನಾಲ್ಕೈದು ಪದರ ಹಾಕಿದ್ರೆ ಪ್ರತಿಫಲನ ಇನ್ನೂ ಕಮ್ಮಿ. ಇಲ್ಲಿ ಬೆಳಕು ಚದುರಲ್ಲ, ಕಮ್ಮಿನೇ ಆಗತ್ತೆ, ಅದಕ್ಕೇ ಬಣ್ಣನೂ ಉಳಿಯತ್ತೆ ಕಾಟನೂ ತಗ್ಗತ್ತೆ.

ತೊಂದ್ರೆ ಏನಂದ್ರೆ ಈ ಪದರ ನಾಜೂಕು. 2012ರಿಂದ 2015ರವರೆಗಿನ ರೆಟಿನಾ ಮ್ಯಾಕ್‌ಬುಕ್‌ಗಳಲ್ಲಿ ಈ ಕೋಟಿಂಗ್ ಅಂಚಿಂದ, ಕೀಬೋರ್ಡ್ ಒತ್ತೋ ಜಾಗದಿಂದ ಎದ್ದು ನಕಾಶೆ ಥರ ಕಲೆ ಬೀಳೋಕೆ ಶುರುವಾಯ್ತು, ಜನ ಅದಕ್ಕೆ ಸ್ಟೇನ್‌ಗೇಟ್ ಅಂತಲೇ ಹೆಸರಿಟ್ರು, 2015ರ ಅಕ್ಟೋಬರಲ್ಲಿ ಆಪಲ್ ಉಚಿತವಾಗಿ ಸ್ಕ್ರೀನ್ ಬದಲಾಯಿಸಿಕೊಡೋ ವ್ಯವಸ್ಥೆ ಮಾಡ್ತು. ಸೆಕೆಂಡ್ ಹ್ಯಾಂಡಲ್ಲಿ ಆ ಕಾಲದ ಮ್ಯಾಕ್‌ಬುಕ್ ನೋಡ್ತಿದ್ರೆ ಸ್ಕ್ರೀನ್ ಆಫ್ ಮಾಡಿ ಬೆಳಕಿಗೆ ಹಿಡಿದು ಅಂಚು ನೋಡಲೇಬೇಕು.

ನಾಲ್ಕನೇದು ದುಬಾರಿ, ನ್ಯಾನೊ ಟೆಕ್ಸ್‌ಚರ್. ಪ್ಲಾಸ್ಟಿಕ್ ಹಾಳೆ ಒರಟು ಮಾಡೋ ಬದಲು ಗಾಜನ್ನೇ ನ್ಯಾನೊಮೀಟರ್ ಮಟ್ಟದಲ್ಲಿ ಕೊರೀತಾರೆ. ಆಪಲ್ ಇದನ್ನ 2019ರಲ್ಲಿ ದೊಡ್ಡ ಮಾನಿಟರಲ್ಲಿ ತಂತು, 2024ರಲ್ಲಿ ಮ್ಯಾಕ್‌ಬುಕ್ ಪ್ರೊಗೂ ಹೆಚ್ಚುವರಿ ದುಡ್ಡಿಗೆ ಕೊಡೋಕೆ ಶುರು ಮಾಡ್ತು. ದೊಡ್ಡ ದೊಡ್ಡ ಕಿಟಕಿ ಇರೋ ಕಡೆ ದಿನಾ ಕೂರೋರಿಗೆ ಒಳ್ಳೆದು, ಬರೀ ರಾತ್ರಿ ಸಿನಿಮಾ ನೋಡೋರಿಗೆ ದಂಡ.

ಮ್ಯಾಟಲ್ಲೂ ಒಂದೇ ಥರ ಇಲ್ಲ. ಪ್ಯಾನೆಲ್ ಡೇಟಾಶೀಟಲ್ಲಿ ಹೇಜ್ ಅಂತ ಪರ್ಸೆಂಟ್ ಕೊಟ್ಟಿರ್ತಾರೆ, ಜಾಸ್ತಿ ಇದ್ದಷ್ಟೂ ಒರಟು. ಒರಟು ಜಾಸ್ತಿ ಆದ್ರೆ ಬಿಳಿ ಪೇಜ್ ಮೇಲೆ ಸಕ್ಕರೆ ಪುಡಿ ಉದುರಿಸಿದ ಹಾಗೆ ಬಣ್ಣಬಣ್ಣದ ಸಣ್ಣ ಮಿನುಗು ಕಾಣತ್ತೆ, ತಲೆ ಅಲ್ಲಾಡಿಸಿದ್ರೆ ಅದೂ ಅಲ್ಲಾಡತ್ತೆ. ಒಮ್ಮೆ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಅದೇ ಕಾಣ್ತಿರತ್ತೆ. ತಗೊಳ್ಳೋ ಮುಂಚೆನೇ ನೋಡ್ಕೊಳ್ಳಿ.

ಹೆಜ್ಜೆ 4: ಅಂಗಡಿಲಿ ಹತ್ತು ನಿಮಿಷ

ಮನೆಯಿಂದ ಹೋಗುವಾಗ ಪೆನ್‌ಡ್ರೈವಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಬೂದಿ, ಕಪ್ಪಿಂದ ಬಿಳಿಗೆ ನಿಧಾನ ಬದಲಾಗೋ ಒಂದು ಚಿತ್ರ, ಕೆಂಪು ಸೀರೆ ಇರೋ ಒಂದು ಒಳ್ಳೆ ಫೋಟೋ ಹಾಕ್ಕೊಂಡು ಹೋಗಿ. ಚಾರ್ಜರ್ ಹಾಕ್ಸಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ನೈಟ್ ಲೈಟ್ ಆಫ್ ಇದೆಯಾ ನೋಡಿ.

ಮೊದಲು ಸ್ಕ್ರೀನ್ ಆಫ್ ಇರುವಾಗ್ಲೇ ಫೋನಿನ ಟಾರ್ಚ್ ಹಾಕಿ ಒಂದಡಿ ದೂರದಿಂದ ಹಿಡಿಯಿರಿ. ಟಾರ್ಚ್ ಚುಕ್ಕೆ ಚುಕ್ಕೆಯಾಗೇ ಬೆಳ್ಳಗೆ ಕಂಡ್ರೆ ಸಾದಾ ಗ್ಲಾಸಿ. ಚುಕ್ಕೆ ಸ್ಪಷ್ಟ ಇದೆ ಆದ್ರೆ ಮಂಕಾಗಿ ನೇರಳೆನೋ ಹಸಿರೋ ಛಾಯೆ ಇದ್ರೆ ಆ್ಯಂಟಿ ರಿಫ್ಲೆಕ್ಟಿವ್ ಇದೆ. ಚುಕ್ಕೆನೇ ಇಲ್ಲ, ಕಾಸಗಲ ಬೆಳಕು ಹರಡಿಕೊಂಡಿದೆ ಅಂದ್ರೆ ಮ್ಯಾಟ್. ಚುಕ್ಕೆ ಸುತ್ತ ಹೊಗೆ ಥರ ಇದ್ರೆ ಗ್ಲಾಸಿ ಮ್ಯಾಟ್ ಎರಡರ ಮಧ್ಯದ್ದು, ನನಗೆ ಇದೇ ಇಷ್ಟ. ಅರ್ಧ ನಿಮಿಷದ ಕೆಲ್ಸ ಇದು, ಅಂಗಡಿಯವರು ಏನೇ ಹೇಳಿದ್ರೂ ಟಾರ್ಚ್ ಸುಳ್ಳು ಹೇಳಲ್ಲ.

ಆಮೇಲೆ ಆನ್ ಮಾಡಿ ಬಿಳಿ ಚಿತ್ರ ಹಾಕಿ ಒಂದು ಅಡಿ ಹತ್ರ ಹೋಗಿ ಮಿನುಗು ಇದೆಯಾ ನೋಡಿ. ಸೀರೆ ಫೋಟೋ ಹಾಕಿ ಪಕ್ಕದಲ್ಲಿ ನಿಮ್ಮ ಫೋನಲ್ಲೂ ಅದೇ ಫೋಟೋ ಇಟ್ಕೊಳ್ಳಿ, ಫೋನಲ್ಲಿ ಕಲರ್ ಮೋಡ್ ನ್ಯಾಚುರಲ್ ಮಾಡಿರಿ, ವಿವಿಡ್ ಇದ್ರೆ ಫೋನೇ ಜಾಸ್ತಿ ತೋರ್ಸತ್ತೆ. ಲ್ಯಾಪ್‌ಟಾಪಲ್ಲಿ ಕೆಂಪು ಕಿತ್ತಳೆ ಕಡೆ ವಾಲಿದ್ರೆ ಗೊತ್ತಾಯ್ತಲ್ಲ. ಕಪ್ಪು ಬಿಳಿ ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಂಡ್ರೆ ಅದು 6 ಬಿಟ್ ಪ್ಯಾನೆಲ್ (ಒಂದೊಂದು ಬಣ್ಣದಲ್ಲೂ ಕಮ್ಮಿ ಛಾಯೆ ತೋರ್ಸೋದು) ಇರಬಹುದು. ಒಂದು ಕನ್ನಡ ನ್ಯೂಸ್ ಪೇಜ್ ತೆಗೆದು ಸಣ್ಣ ಅಕ್ಷರದಲ್ಲಿ ಒತ್ತಕ್ಷರ ಓದಿ. ನಿಂತ್ಕೊಂಡು ನೋಡಿ, ಕೂತು ನೋಡಿ, ಪಕ್ಕದಿಂದ ನೋಡಿ.

ಓಎಲ್‌ಇಡಿ ತಗೊಳ್ತಿದ್ರೆ ಇನ್ನೊಂದು ಪರೀಕ್ಷೆ. ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ, ಫೋನ್ ಕ್ಯಾಮೆರಾ ಪ್ರೊ ಮೋಡಿಗೆ ಹಾಕಿ ಶಟರ್ 1/2000 ಇಟ್ಟು ಸ್ಕ್ರೀನ್ ಕಡೆ ಹಿಡಿಯಿರಿ. ಅಡ್ಡಡ್ಡ ದಪ್ಪ ಕಪ್ಪು ಪಟ್ಟೆ ಓಡ್ತಿದ್ರೆ ಆ ಸ್ಕ್ರೀನ್ ಬೆಳಕು ಕಮ್ಮಿ ಮಾಡೋಕೆ ಆನ್ ಆಫ್ ಆನ್ ಆಫ್ ಆಗ್ತಿದೆ ಅಂತ, ಲ್ಯಾಪ್‌ಟಾಪ್ ಓಎಲ್‌ಇಡಿಲಿ ಇದು ಎಷ್ಟೋ ಕಡೆ ಸೆಕೆಂಡಿಗೆ 240 ಸಲ ಇರತ್ತೆ. ಎಲ್ಲರಿಗೂ ತೊಂದ್ರೆ ಆಗಲ್ಲ, ಆದ್ರೆ ನನ್ನಂಥ ಕೆಲವರಿಗೆ ಎರಡು ಗಂಟೆಲಿ ಕಣ್ಣು ಹಿಂಡಿದ ಹಾಗಾಗತ್ತೆ. ರಾತ್ರಿ ಕಮ್ಮಿ ಬೆಳಕಲ್ಲಿ ಕೆಲ್ಸ ಮಾಡೋ ಅಭ್ಯಾಸ ಇರೋರು ಇದನ್ನ ನೋಡಿಯೇ ತಗೊಳ್ಳಿ.

ಹೆಜ್ಜೆ 5: ಮನೆಗೆ ತಂದ ದಿನವೇ ಪ್ಯಾನೆಲ್ ನಂಬರ್ ಹುಡುಕಿ

ಒಂದೇ ಮಾಡೆಲಿಗೆ ಎರಡು ಮೂರು ಕಡೆಯಿಂದ ಪ್ಯಾನೆಲ್ ತರಿಸಿರ್ತಾರೆ, ಅಂಗಡಿಲಿ ನೋಡಿದ್ದು ಒಂದು, ಬಾಕ್ಸಲ್ಲಿ ಬಂದಿದ್ದು ಇನ್ನೊಂದು ಆಗಬಹುದು. ರಿಟರ್ನ್ ಮಾಡೋ ದಿನ ಮುಗಿಯೋ ಮುಂಚೆನೇ ನೋಡ್ಬೇಕು.

ವಿಂಡೋಸಲ್ಲಿ ಡಿವೈಸ್ ಮ್ಯಾನೇಜರ್ ತೆಗೆದು ಮಾನಿಟರ್ಸ್ ಅಡಿಲಿ ಇರೋದ್ರ ಪ್ರಾಪರ್ಟೀಸ್, ಅಲ್ಲಿ ಡಿಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿ. ಮೊದಲ ಮೂರಕ್ಷರ ಮಾಡಿದವರ ಗುರುತು: ಬಿಓಇ ಅಂದ್ರೆ ಚೀನಾದ ಬಿಓಇ, ಎಯುಓ ಅಂದ್ರೆ ತೈವಾನಿನ ಎಯು ಆಪ್ಟ್ರಾನಿಕ್ಸ್, ಸಿಎಂಎನ್ ಅಂದ್ರೆ ಇನೊಲಕ್ಸ್, ಎಲ್‌ಜಿಡಿ ಅಂದ್ರೆ ಎಲ್‌ಜಿ ಡಿಸ್‌ಪ್ಲೇ, ಎಸ್‌ಡಿಸಿ ಅಂದ್ರೆ ಸ್ಯಾಮ್‌ಸಂಗ್. ಪೂರ್ತಿ ಪ್ಯಾನೆಲ್ ಹೆಸರು ಬೇಕು ಅಂದ್ರೆ ಎಚ್‌ಡಬ್ಲ್ಯುಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಮಾನಿಟರ್ ಅನ್ನೋ ಕಡೆ ಎಷ್ಟೋ ಸಲ ಸಿಗತ್ತೆ. ಆ ಹೆಸರಲ್ಲೇ ಜಾತಿ ಇರತ್ತೆ. ಬಿಓಇದು ಎನ್‌ಟಿ156 ಅಂತ ಶುರುವಾದ್ರೆ ಟಿಎನ್, ಎನ್‌ವಿ156 ಅಂತಾದ್ರೆ ಐಪಿಎಸ್ ಥರದ್ದು. ಎಯುಓದು ಬಿ156ಎಚ್‌ಟಿಎನ್ ಅಂದ್ರೆ ಟಿಎನ್, ಬಿ156ಎಚ್‌ಎಎನ್ ಅಂದ್ರೆ ಐಪಿಎಸ್ ಥರದ್ದು. ಆ ಹೆಸರನ್ನ ಪ್ಯಾನೆಲ್‌ಲುಕ್ ಸೈಟಲ್ಲಿ ಹಾಕಿದ್ರೆ ನಿಟ್ಸ್, ಎನ್‌ಟಿಎಸ್‌ಸಿ, ಮೇಲ್ಮೈ ಮ್ಯಾಟಾ ಗ್ಲಾಸಿನಾ ಎಲ್ಲ ಬರತ್ತೆ. ನಮ್ಮ ಹುಡುಗನದ್ದು ಹುಡುಕಿದಾಗ 45% ಅಂತ ಬಂತು, ಅಷ್ಟೊತ್ತಿಗೆ ರಿಟರ್ನ್ ದಿನ ದಾಟಿ ಹೋಗಿತ್ತು. ನೋಟ್‌ಬುಕ್‌ಚೆಕ್ ಸೈಟಲ್ಲಿ ಅವರೇ ಮೀಟರ್ ಹಿಡಿದು ಅಳೆದ ನಂಬರ್ ಕೊಡ್ತಾರೆ, ಪ್ಯಾನೆಲ್ ಹೆಸರೂ ಹಾಕಿರ್ತಾರೆ, ತಗೊಳ್ಳೋ ಮುಂಚೆ ಅಲ್ಲಿ ನಿಮ್ಮ ಮಾಡೆಲ್ ಇದೆಯಾ ನೋಡಿ.

ರಾತ್ರಿ ಲೈಟ್ ಆರಿಸಿ ಕಪ್ಪು ಚಿತ್ರ ಹಾಕಿ. ಮೂಲೆಲಿ ಸ್ವಲ್ಪ ಬೆಳ್ಳಿ ಹೊಳಪು ಇದ್ದು ತಲೆ ಅಲ್ಲಾಡಿಸಿದ್ರೆ ಅದೂ ಸರಿದ್ರೆ ಐಪಿಎಸ್ ಸ್ವಭಾವ, ಪರವಾಗಿಲ್ಲ. ಅಂಚಿಂದ ಹಳದಿ ಬೆಳಕು ಸೋರ್ತಾ ಇದ್ದು ಎಲ್ಲಿಂದ ನೋಡಿದ್ರೂ ಅಲ್ಲೇ ಇದ್ರೆ ಬದಲಾಯಿಸ್ಕೊಳ್ಳಿ.

ಹೆಜ್ಜೆ 6: ಸೆಟ್ಟಿಂಗ್

ಬ್ಯಾಟರಿಲಿ ಇರುವಾಗ ಸ್ಕ್ರೀನ್ ತಾನಾಗೇ ಮಂಕಾಗೋದು, ಕಪ್ಪು ಪೇಜಿಂದ ಬಿಳಿ ಪೇಜಿಗೆ ಹೋದ್ರೆ ಬೆಳಕು ಏರಿಳಿಯೋದು ಸ್ಕ್ರೀನ್ ದೋಷ ಅಲ್ಲ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಕಂಟೆಂಟ್ ನೋಡಿ ಬ್ರೈಟ್‌ನೆಸ್ ಬದಲಾಯಿಸೋ ಆಯ್ಕೆ ಇರತ್ತೆ, ಆಫ್ ಮಾಡಿ. ಇಂಟೆಲ್ ಗ್ರಾಫಿಕ್ಸ್ ಆ್ಯಪಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್, ಎಎಂಡಿಲಿ ವ್ಯಾರಿ ಬ್ರೈಟ್, ಇವನ್ನೂ ಆಫ್ ಮಾಡಿ. ಓಎಲ್‌ಇಡಿ ಇದ್ರೆ ಟಾಸ್ಕ್‌ಬಾರ್ ಅಡಗಿಸಿಡಿ, ಒಂದೇ ಚಿತ್ರ ದಿನಗಟ್ಟಲೆ ಒಂದೇ ಜಾಗದಲ್ಲಿದ್ರೆ ಅಲ್ಲಿ ಅಚ್ಚು ಬಿದ್ದು ಉಳ್ಕೊಳ್ಳತ್ತೆ.

ಹೆಜ್ಜೆ 7: ಒರೆಸೋದು

ಕಿಟಕಿ ಗಾಜು ಒರೆಸೋ ಸ್ಪ್ರೇ ಯಾವುದನ್ನೂ ಸ್ಕ್ರೀನಿಗೆ ಹೊಡೀಬೇಡಿ. ಅದರಲ್ಲಿ ಅಮೋನಿಯಾ, ಆಲ್ಕೋಹಾಲ್ ಥರದ್ದು ಇರಬಹುದು, ಮ್ಯಾಟ್ ಪ್ಲಾಸ್ಟಿಕ್ ಪದರವನ್ನ ತಿನ್ನತ್ತೆ, ಆ್ಯಂಟಿ ರಿಫ್ಲೆಕ್ಟಿವ್ ಪದರವನ್ನ ಎಬ್ಬಿಸತ್ತೆ. ನಾನು ಮೊದಲನೇ ಲ್ಯಾಪ್‌ಟಾಪಿಗೆ ಇದೇ ಮಾಡಿದ್ದೆ, ನಡುವೆ ಒಂದು ಅಂಗೈ ಅಗಲ ಮಬ್ಬು ಬಂದಿದ್ದು ಕೊನೆವರೆಗೂ ಹೋಗಲಿಲ್ಲ. ಟಿಶ್ಯೂ ಪೇಪರ್, ಪಂಚೆ ತುದಿ, ಸೀರೆ ಸೆರಗು ಇವೂ ಬೇಡ, ಧೂಳಿನ ಕಣ ಸಿಕ್ಕಿಕೊಂಡು ಗೀರು ಬೀಳತ್ತೆ.

ಆಫ್ ಮಾಡಿ, ತಣ್ಣಗಾಗ್ಲಿ. ಮೊದಲು ಮೃದು ಬ್ರಷ್ ಇಲ್ಲಾ ಗಾಳಿ ಊದೋ ರಬ್ಬರ್ ಉಂಡೆಯಿಂದ ಧೂಳು ತೆಗೀರಿ. ಕನ್ನಡಕದ ಮೈಕ್ರೋಫೈಬರ್ ಬಟ್ಟೆನ ಫಿಲ್ಟರ್ ನೀರಲ್ಲಿ ಸ್ವಲ್ಪ ಒದ್ದೆ ಮಾಡಿ ಹಿಂಡಿ, ಹನಿ ಬೀಳಬಾರದು. ಬೋರ್ ನೀರಾದ್ರೆ ಉಪ್ಪಿನ ಬಿಳಿ ಕಲೆ ಉಳಿಯತ್ತೆ. ನೀರನ್ನ ಯಾವಾಗ್ಲೂ ಬಟ್ಟೆಗೆ ಹಾಕಿ, ಸ್ಕ್ರೀನಿಗೆ ಹಾಕಬೇಡಿ, ಕೆಳಗೆ ಇಳಿದು ಅಂಚಲ್ಲಿ ಸೇರ್ಕೊಂಡ್ರೆ ಪ್ಯಾನೆಲ್ ಹೋಯ್ತು. ಒಂದೇ ದಿಕ್ಕಲ್ಲಿ ಹಗುರಾಗಿ ಒರೆಸಿ, ಇನ್ನೊಂದು ಒಣ ಬಟ್ಟೆಲಿ ಮುಗಿಸಿ. ನ್ಯಾನೊ ಟೆಕ್ಸ್‌ಚರ್ ಇದ್ರೆ ಕಂಪನಿ ಕೊಟ್ಟ ಬಟ್ಟೆ ಬಿಟ್ಟು ಬೇರೆ ಮುಟ್ಟಿಸಬೇಡಿ.

ಸ್ಕ್ರೀನ್ ಮೇಲೆ ಕೀಬೋರ್ಡ್ ಆಕಾರದ ಚೌಕ ಚೌಕ ಗುರುತು ಬಿದ್ದಿರೋದು ನೋಡಿರಬಹುದು. ಬೆರಳಿನ ಎಣ್ಣೆ ಕೀ ಮೇಲೆ ಕೂತು, ಬ್ಯಾಗಲ್ಲಿ ಟಿಫನ್ ಬಾಕ್ಸ್, ಪುಸ್ತಕ ಒತ್ತಿದಾಗ ಸ್ಕ್ರೀನಿಗೆ ಉಜ್ಜತ್ತೆ. ಬಸ್ಸಲ್ಲಿ ಓಡಾಡೋರು ಕೀಬೋರ್ಡನ್ನೂ ವಾರಕ್ಕೊಮ್ಮೆ ಒರೆಸಿ, ತುಂಬಿದ ಬ್ಯಾಗಲ್ಲಿ ತುರುಕಬೇಡಿ. ದಪ್ಪ ಗಾರ್ಡ್, ಕ್ಯಾಮೆರಾ ಮುಚ್ಚೋ ಪ್ಲಾಸ್ಟಿಕ್ ಮುಚ್ಚಳ ಹಾಕಿ ಲ್ಯಾಪ್‌ಟಾಪ್ ಮುಚ್ಚಿದ್ರೆ ಸ್ಕ್ರೀನ್ ಸೀಳೋ ಅಪಾಯ ಇದೆ, 2020ರಲ್ಲಿ ಆಪಲ್ ಇದನ್ನ ಬರೆದೇ ಎಚ್ಚರಿಸಿತ್ತು.

ಹೆಜ್ಜೆ 8: ಆಗ್ಲೇ ತಗೊಂಡಾಗಿದ್ರೆ

ಗ್ಲಾಸಿ ಇದ್ದು ಪ್ರತಿಬಿಂಬ ಕಾಡ್ತಿದ್ರೆ ಮೊದಲು ಜಾಗ ಬದಲಾಯಿಸಿ. ಕಿಟಕಿ ಬೆನ್ನ ಹಿಂದೆನೂ ಬೇಡ, ಎದುರಿಗೂ ಬೇಡ, ಪಕ್ಕಕ್ಕೆ ಬರೋ ಹಾಗೆ ಕೂತ್ಕೊಳ್ಳಿ. ಅದರಲ್ಲೇ ಅರ್ಧ ಕಾಟ ಹೋಗತ್ತೆ. ಅಂಟಿಸೋ ಮ್ಯಾಟ್ ಫಿಲ್ಮ್ ಸಿಗತ್ತೆ, ಆದ್ರೆ ಚುಕ್ಕೆ ಒತ್ತೊತ್ತಾಗಿರೋ ಸ್ಕ್ರೀನ್ ಮೇಲೆ ಮಿನುಗು ಜಾಸ್ತಿ ಬರತ್ತೆ, ಅಗ್ಗದ್ದು ಬೇಡ.

ಬಣ್ಣ ಕಮ್ಮಿ ಇದ್ರೆ ಪ್ಯಾನೆಲ್ಲೇ ಬದಲಾಯಿಸಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನೋಡಬೇಕಾದ್ದು ಮೂರು. ಕನೆಕ್ಟರ್: ಸಾದಾ 60 ಹರ್ಟ್ಸ್ ಫುಲ್ ಎಚ್‌ಡಿಗೆ ಸಾಮಾನ್ಯವಾಗಿ 30 ಪಿನ್, ಟಚ್ ಇದ್ರೆ ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗತ್ತೆ ಅನ್ನೋದು, ಹರ್ಟ್ಸಲ್ಲಿ) ಜಾಸ್ತಿ ಇದ್ರೆ 40 ಪಿನ್. ಅಳತೆ: 15.6 ಇಂಚಲ್ಲೂ 350 ಮಿಲಿಮೀಟರ್ ಅಗಲದ್ದು, 360ರ ಹತ್ರ ಇರೋದು ಅಂತ ಎರಡಿದೆ, ಪಕ್ಕದಲ್ಲಿ ಸ್ಕ್ರೂ ಹಾಕೋ ಕಿವಿ ಇದೆಯಾ ಇಲ್ವಾ ಅದನ್ನೂ ನೋಡಿ. ಕೇಬಲ್: ಹಳೇ ಎಚ್‌ಡಿ ಸ್ಕ್ರೀನ್ ಇದ್ದ ಲ್ಯಾಪ್‌ಟಾಪಿಗೆ ಫುಲ್ ಎಚ್‌ಡಿ ಹಾಕಿದ್ರೆ ಕೆಲವು ಸಲ ಕೇಬಲಲ್ಲಿ ಚಿತ್ರದ ಸಿಗ್ನಲ್ ಹೋಗೋ ದಾರಿ (ಲೇನ್) ಒಂದೇ ಇದ್ದು ಚಿತ್ರನೇ ಬರಲ್ಲ, ಕೇಬಲೂ ಬದಲಾಯಿಸ್ಬೇಕು. ವಾರಂಟಿ ಇದ್ರೆ ಬಿಚ್ಚೋ ಮುಂಚೆ ಸರ್ವೀಸ್ ಸೆಂಟರಲ್ಲಿ ಕೇಳ್ಕೊಳ್ಳಿ, ಬಿಚ್ಚಿದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೀಬೇಕು, ಅದು ಮರೆತ್ರೆ ಸ್ಕ್ರೀನ್ ಫ್ಯೂಸ್ ಹೋಗಬಹುದು.

ನಮ್ಮ ಹುಡುಗನಿಗೆ ಹಾಗೇ ಮಾಡಿದ್ವಿ. ಪ್ಯಾನೆಲ್ ನಂಬರ್ ಚೀಟಿಲಿ ಬರ್ಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ್ವಿ, ಮೂರು ಅಂಗಡಿಲಿ "ಎಲ್ಲಾ ಒಂದೇ ಸಾರ್, ಫುಲ್ ಎಚ್‌ಡಿ ಅಷ್ಟೇ" ಅಂದ್ರು, ನಾಲ್ಕನೇ ಅಂಗಡಿಯವರು ಪ್ಯಾನೆಲ್ ಹಿಂದಿನ ಸ್ಟಿಕರ್ ತಿರುಗಿಸಿ ನಂಬರ್ ತೋರ್ಸಿದ್ರು, 30 ಪಿನ್, 350 ಅಗಲ, ಮ್ಯಾಟ್, 72% ಎನ್‌ಟಿಎಸ್‌ಸಿ. ಅಲ್ಲೇ ಕೂರಿಸ್ಕೊಂಡು, ಅಲ್ಲೇ ಬಿಳಿ, ಕಪ್ಪು, ಕೆಂಪು ಚಿತ್ರ ಹಾಕಿ ನೋಡಿದ್ವಿ. ಆಮೇಲೆ ಅವನು ಪೆನ್‌ಡ್ರೈವಿಂದ ಅದೇ ಮದುವೆಯ ಮೂಲ ಫೋಟೋ ತೆಗೆದ, ಏನೂ ತಿದ್ದದೇ ಇರೋದು. ಸೀರೆ ಅಚ್ಚ ಕುಂಕುಮದ ಕೆಂಪು, ಮಡಿಲಲ್ಲಿ ಬಿದ್ದ ನೆರಿಗೆ ಒಂದೊಂದೂ ಎಣಿಸಬಹುದಿತ್ತು. "ಮಾವ, ಫೋಟೋದವರು ಸರಿಯಾಗೇ ತೆಗೆದಿದ್ರಲ್ಲ" ಅಂದ. ಹಳೇ ಪ್ಯಾನೆಲನ್ನ ಅದರ ಫೋಮ್ ಕವರಲ್ಲಿ ಸುತ್ತಿ ಬೀರುಲಿ ಇಟ್ಟಿದ್ದೀವಿ, ಹೊಸದಕ್ಕೆ ಏನಾದ್ರೂ ಆದ್ರೆ ತಾತ್ಕಾಲಿಕಕ್ಕೆ ಬೇಕಾಗತ್ತೆ.